‘ನೀನು ಯಾರ ಪೈಕಿ?’: ಹದಿಹರೆಯದವರ ಸೃಜನಶೀಲ ಆಪ್ತಸಮಾಲೋಚನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸು ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿ ಎರಡು ಪ್ರಶ್ನೆ ಕೇಳಿ ಮುಗಿಸಿರುತ್ತಾಳೆ. ಮೊದಲನೆಯದು ‘ಯಾವೂರು ತಂಗಿ?’, ಎರಡನೆಯದು ‘ಯಾರ ಪೈಕಿ?’. ಅಜ್ಜಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ದೂರದ ನೆಂಟಸ್ತನ ಸಿಕ್ಕಿದರೆ ಶಿರಸಿವರೆಗೆ ಮಾತಿಗೆ ಬರವಿಲ್ಲ, ಅಷ್ಟೇ. ಆದರೆ ಹದಿನೈದರ ವಯಸ್ಸಿನಲ್ಲಿ ಆ ಎರಡನೆಯ ಪ್ರಶ್ನೆಗೆ ಗಂಟಲು ಕಟ್ಟುವ ಮಕ್ಕಳಿದ್ದಾರೆ. ಅಂಥವರ ಜೊತೆ ಬಣ್ಣ, ಹರಕು ಬಟ್ಟೆ, ಮಣ್ಣು ಹರಡಿಕೊಂಡು ಕೂರುವುದು ನನ್ನ ಕೆಲಸ. ಪಾಲಕರು, ಮಾಸ್ತರು, ಅಕ್ಕೋರು ಮತ್ತು ಮಕ್ಕಳೇ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಯಲ್ಲಿ ಬರುವ ಮಕ್ಕಳು ಯಾರೂ ಒಬ್ಬರೇ ಅಲ್ಲ, ನಾಲ್ಕೈದು ಜನರನ್ನು ಕಲಸಿದ್ದು. ಹಾಗಾಗಿ ‘ಇದು ನಮ್ಮ ಕೇರಿಯ ಇಂಥವರ ಮನೆಯದ್ದೇ’ ಎಂದು ಪತ್ತೆ ಹಚ್ಚುವ ಶ್ರಮ ಬೇಡ.

ಆಪ್ತಸಮಾಲೋಚನೆ ಗೊತ್ತು. ಅದಕ್ಕೆ ‘ಸೃಜನಶೀಲ’ ಎಂಬ ಬಾಲಂಗೋಚಿ ಯಾಕೆ?

ಎದುರು ಬದುರು ಎರಡು ಕುರ್ಚಿ ಹಾಕಿ ‘ಹೇಳು, ಏನು ತೊಂದರೆ?’ ಎಂದು ಹದಿಹರೆಯದವರನ್ನು ಕೇಳಿ ನೋಡಿ. ‘ಏನಿಲ್ಲ’ ಎನ್ನುತ್ತಾರೆ. ಮತ್ತೆ ಕೇಳಿದರೆ ‘ಎಂತದೂ ಇಲ್ಲ’. ಮೂರನೇ ಸಲ ಕೇಳಿದರೆ ಮುಂದಿನ ವಾರ ಬರುವುದಿಲ್ಲ.

ಅದೇ ಕೈಗೊಂದು ಕೆಲಸ ಕೊಡಿ. ಕಣ್ಣು ಕೆಲಸದ ಮೇಲಿರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಮಾತು ತಾನಾಗಿ ಹೊರಗೆ ಬರುತ್ತದೆ. ಇದರಲ್ಲಿ ಹೊಸತೇನಿಲ್ಲ. ಘಟ್ಟದ ಮೇಲೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಕರಾವಳಿಯಲ್ಲಿ ಬಲೆ ದುರಸ್ತಿಗೆ ಕೂತ ಮಧ್ಯಾಹ್ನಗಳಲ್ಲಿ ಎಷ್ಟು ಗುಟ್ಟು ಹೊರಬಿದ್ದಿಲ್ಲ! ‘ಕಲಾ ಚಿಕಿತ್ಸೆ’ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯ ಹಿಡಿದು ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬಿಡಿಸುತ್ತಲೇ ಚೇತರಿಸಿಕೊಂಡ ಅನುಭವ ಅವನದು. ಒಂದು ಮಾತು ಸ್ಪಷ್ಟವಾಗಿರಲಿ: ಕಲಾ ಚಿಕಿತ್ಸಕರದ್ದು ಬೇರೆಯದೇ ತರಬೇತಿ ಇರುವ ವೃತ್ತಿ. ನಾನು ಮಾಡುವುದು ಆಪ್ತಸಮಾಲೋಚನೆ. ಕಲೆ ಅದರಲ್ಲಿ ಊರುಗೋಲು.

ಅಂದರೆ ನಮ್ಮ ಮಾಣಿಗೆ ಮಳ್ಳು ಅಂತೀರಾ?

ಇಲ್ಲ. ಕಾಲು ಉಳುಕಿದವರನ್ನೆಲ್ಲ ಕುಂಟರು ಅನ್ನುತ್ತೇವೆಯೇ?

‘ಗುರುತು’, ‘ನಮ್ಮವರು ಅನ್ನಿಸುವುದು’ ಇವೆಲ್ಲ ಬೆಂಗಳೂರು ಮಕ್ಕಳ ತೊಂದರೆ ಅಲ್ಲವೇ? ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ಎಲ್ಲರಿಗೂ ಎಲ್ಲರೂ ಗೊತ್ತಿರುವುದೇ ಇಲ್ಲಿಯ ತೊಂದರೆ. ದೊಡ್ಡ ಪೇಟೆಯಲ್ಲಿ ಮಗು ಬೇಕೆಂದಾಗ ಯಾರೂ ಅಲ್ಲದೆ ಇರಬಹುದು. ಇಲ್ಲಿ ಹುಟ್ಟುವ ಮೊದಲೇ ನೀವು ಯಾರೆಂದು ಊರಿಗೆ ತೀರ್ಮಾನವಾಗಿರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಗೋವಾ ಗಡಿಯ ಮಾಜಾಳಿ ಕಡೆಯ ಹುಡುಗಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಹಿಂದಿ. ಬಟ್ಟೆ ಖರೀದಿಗೆ ಮಡಗಾಂವಿಗೆ ಹೋದರೆ ‘ಕಾರವಾರದವಳು’, ಡಿಗ್ರಿಗೆ ಧಾರವಾಡಕ್ಕೆ ಹೋದರೆ ‘ಗೋವಾದವಳಾ?’. ಕೈಗಾ ಟೌನ್‌ಶಿಪ್ಪಿನಲ್ಲಿ, ನೌಕಾನೆಲೆಯ ವಸತಿಗಳಲ್ಲಿ ಬೆಳೆಯುವ ಮಕ್ಕಳಿಗೆ ಊರು ಎಂದರೆ ಅಪ್ಪನ ವರ್ಗಾವಣೆ ಆದೇಶ. ಅದೇ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಮನೆ ಬಿಟ್ಟವರ ಮೊಮ್ಮಕ್ಕಳಿಗೆ ಊರು ಎಂದರೆ ತಾವು ನೋಡದೇ ಇರುವ, ಅಜ್ಜ ಮಾತ್ರ ವರ್ಣಿಸುವ ಒಂದು ಕಡಲ ದಂಡೆ. ಭಟ್ಕಳದಲ್ಲಿ ನವಾಯತಿ ಮಾತಾಡುವ ಎಷ್ಟೋ ಮನೆಗಳಲ್ಲಿ ಅಪ್ಪ ವರ್ಷದ ಹೆಚ್ಚು ಭಾಗ ವಿಡಿಯೊ ಕಾಲಿನೊಳಗೇ ಇರುತ್ತಾನೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳ ಪಾಡು ಬೇರೆಯೇ. ಅವರ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಆದವು. ಹಲವರನ್ನು ಗುಲಾಮರಾಗಿ ತಂದವರು ಪೋರ್ಚುಗೀಸರು. ಮಕ್ಕಳು ಮನೆಯಲ್ಲಿ ಕೊಂಕಣಿ, ಹೊರಗೆ ಅಚ್ಚ ಕನ್ನಡ ಮಾತಾಡುತ್ತಾರೆ. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇಷ್ಟಾದರೂ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಮುಂಡಗೋಡದ ಟಿಬೆಟನ್ ವಸತಿ ಶುರುವಾದದ್ದು 1966ರಲ್ಲಿ. ಅಲ್ಲಿಯ ಮೂರನೇ ತಲೆಮಾರು ಟಿಬೆಟ್ ಕಂಡಿಲ್ಲ, ಆದರೆ ‘ಊರಿಗೆ ಯಾವಾಗ ಹೋಗ್ತೀರಿ?’ ಎಂದು ಅವರನ್ನೂ ಕೇಳುತ್ತೇವೆ. ಇನ್ನು ಸಿದ್ದಾಪುರ, ಶಿರಸಿಯ ತೋಟದ ಮನೆಗಳ ಹುಡುಗರು. ಎಲ್ಲ ಸರಿಯಾಗೇ ಇದೆ ಎಂದು ಎಲ್ಲರೂ ನಂಬಿರುವ ಮನೆ. ‘ತೋಟ ನೋಡ್ಕಂಡು ಇಲ್ಲೇ ಇರ್ತೆ’ ಎಂದು ಹದಿನಾರರ ಹುಡುಗ ಹೇಳಿದರೆ ಮನೆಯವರೇ ಕಂಗಾಲು, ಏಕೆಂದರೆ ತೋಟದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಈಗಲೇ ಅವರ ಚಿಂತೆ.

ಹದಿಹರೆಯದ ಮುಖ್ಯ ಕೆಲಸವೇ ‘ನಾನು ಯಾರು’ ಎಂಬುದನ್ನು ಗಟ್ಟಿ ಮಾಡಿಕೊಳ್ಳುವುದು ಎಂದು ಬರೆದವನು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವನಿಗೆ ತನ್ನ ಹೆತ್ತ ತಂದೆ ಯಾರೆಂದು ಕೊನೆವರೆಗೂ ಗೊತ್ತಾಗಲಿಲ್ಲ. ಬೆಳೆದದ್ದು ಯಹೂದಿ ಮನೆಯಲ್ಲಿ. ಯಹೂದಿ ಮಕ್ಕಳು ಅವನ ನೀಲಿ ಕಣ್ಣು, ಹೊಂಬಣ್ಣದ ಕೂದಲು ನೋಡಿ ನಗುತ್ತಿದ್ದರು. ಶಾಲೆಯಲ್ಲಿ ಉಳಿದವರು ಯಹೂದಿ ಎಂದು ನಗುತ್ತಿದ್ದರು. ಎರಿಕ್ಸನ್ ಎಂಬ ಹೆಸರೂ ಅವನು ಅಮೆರಿಕದಲ್ಲಿ ತಾನೇ ಇಟ್ಟುಕೊಂಡದ್ದು. ಅವನ ಸಿದ್ಧಾಂತದಲ್ಲಿ ನನಗೆ ಒಪ್ಪಿಗೆಯಾಗದ ಭಾಗಗಳಿವೆ. ಬೆಳವಣಿಗೆಯ ಎಲ್ಲ ಹಂತಗಳೂ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬರುತ್ತವೆ ಎಂದು ನಂಬುವುದು ಕಷ್ಟ. ಆದರೆ ಈ ಪ್ರಶ್ನೆಯನ್ನು ಅವನು ಹೊರಗೆ ನಿಂತು ಕೇಳಲಿಲ್ಲ.

ಕೂತ ಮೇಲೆ ನಿಜಕ್ಕೂ ಏನು ಮಾಡಿಸುತ್ತೀರಿ?

ಮಗುವಿಗೆ ತಕ್ಕ ಹಾಗೆ. ಮೊದಲ ದಿನ ಹೆಚ್ಚಿನವರಿಗೆ ನಕ್ಷೆ. ಮನೆಯಿಂದ ಶಾಲೆವರೆಗಿನ ದಾರಿ ಬರೆದು, ಎಲ್ಲೆಲ್ಲಿ ಭಾಷೆ ಬದಲಾಗುತ್ತದೆ, ಎಲ್ಲಿ ದನಿ ಸಣ್ಣದಾಗುತ್ತದೆ, ಎಲ್ಲಿ ಹೊಟ್ಟೆ ಹಗುರಾಗುತ್ತದೆ ಎಂದು ಬೇರೆ ಬೇರೆ ಬಣ್ಣ ಹಾಕುವುದು. ಒಬ್ಬಳು ಇಡೀ ದಾರಿಗೆ ಬೂದು ಬಣ್ಣ ಬಳಿದು, ಮೀನು ಮಾರ್ಕೆಟ್ಟಿನ ಹಿಂದಿನ ಒಂದು ಕಟ್ಟೆಗೆ ಮಾತ್ರ ಹಳದಿ ಹಾಕಿದಳು. ಮುಂದಿನ ಮೂರು ವಾರ ನಮ್ಮ ಮಾತೆಲ್ಲ ಆ ಕಟ್ಟೆಯ ಮೇಲೇ.

ಮರದ ಚಿತ್ರವನ್ನೂ ಬಿಡಿಸುತ್ತೇವೆ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಏಡ್ಸ್‌ನಿಂದ ಹೆತ್ತವರನ್ನು ಕಳೆದುಕೊಂಡ ಮಕ್ಕಳ ಜೊತೆ ಕೆಲಸ ಮಾಡಲು ಎನ್‌ಕಜೆಲೊ ಎನ್‌ಕೂಬೆ ಮತ್ತು ಡೇವಿಡ್ ಡೆನ್‌ಬರೊ ರೂಪಿಸಿದ ವಿಧಾನ ಇದು. ಬೇರು ಎಂದರೆ ಬಂದ ಮೂಲ, ನೆಲ ಎಂದರೆ ಈಗಿನ ದಿನಚರಿ, ಕಾಂಡ ಎಂದರೆ ತನ್ನ ಕಸುವು, ಕೊಂಬೆ ಎಂದರೆ ಆಸೆ, ಎಲೆ ಎಂದರೆ ಬೇಕಾದ ಜನ. ನೋವಿನ ಕತೆ ಹೇಳುವ ಮೊದಲು ಮಗುವಿಗೆ ನಿಲ್ಲಲು ಒಂದು ಜಾಗ ಸಿಗಲಿ ಎಂಬುದು ಇದರ ಹಿಂದಿನ ಲೆಕ್ಕ. ಹೇಳಿಕೊಟ್ಟ ಹಾಗೇ ಬಿಡಿಸಬೇಕೆಂದಿಲ್ಲ. ಅಘನಾಶಿನಿ ದಂಡೆಯ ಹುಡುಗನೊಬ್ಬ ಮಾವು, ಹಲಸು ಬಿಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬರೆದ. ಬೇರುಗಳೆಲ್ಲ ನೆಲದಿಂದ ಮೇಲೆ. ‘ಬೇರು ನೆಲದೊಳಗೆ ಬೇಡ್ವಾ?’ ಎಂದು ಕೇಳಿದ್ದು ನನ್ನ ದಡ್ಡತನ. ‘ಇದು ಅಳಿವೆ ಗಿಡ ಅಕ್ಕೋರೆ, ನೀರು ಇಳ್ದಾಗ ಬೇರಲ್ಲೇ ಉಸಿರಾಡ್ಬೇಕು’ ಅಂದ. ಅಪ್ಪನ ಮನೆ ಒಂದು ಜಾತಿ, ಅಮ್ಮನ ಮನೆ ಇನ್ನೊಂದು ಜಾತಿಯ ಹುಡುಗ ಅವನು. ನಾನು ಆ ದಿನ ಮತ್ತೇನೂ ಕೇಳಲಿಲ್ಲ.

ಹೊಲಿಗೆಯೂ ಉಂಟು. ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿಯುವ ಕೌದಿಯನ್ನು ನೀವು ನೋಡಿರಬಹುದು. ಅದೇ ಮಾದರಿಯಲ್ಲಿ ಮನೆಯಿಂದ ನಾಲ್ಕು ಚಿಂದಿ ತರಲು ಹೇಳುತ್ತೇನೆ: ಅಜ್ಜಿಯದು, ಸಮವಸ್ತ್ರದ್ದು, ಇಷ್ಟದ್ದು, ಕಂಡರಾಗದ್ದು. ಯಾವುದರ ಪಕ್ಕ ಯಾವುದು ಕೂರಬೇಕು ಎಂದು ತೀರ್ಮಾನಿಸುವುದಕ್ಕೇ ಒಂದು ತಾಸು ಹಿಡಿಯುತ್ತದೆ. ಹುಡುಗರಿಗೆ ಮೊದಲು ನಾಚಿಕೆ, ಆಮೇಲೆ ಅವರದ್ದೇ ಹೊಲಿಗೆ ನೀಟು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತಾಳಮದ್ದಲೆಯ ಆಟ. ವೇಷವಿಲ್ಲ, ಕುಣಿತವಿಲ್ಲ, ಯಕ್ಷಗಾನದ ಪಾತ್ರವಾಗಿ ಕೂತು ಅರ್ಥ ಹೇಳುವುದು, ಅಂದರೆ ಮಾತಾಡುವುದು. ಕೃಷ್ಣ ಬಂದು ‘ನೀನು ಕುಂತಿಯ ಮಗ, ಪಾಂಡವರ ಅಣ್ಣ’ ಎನ್ನುತ್ತಾನೆ. ಈಗ ಕರ್ಣ ನೀನು, ಉತ್ತರ ಕೊಡು. ಕರ್ಣನಾಗಿ ಮಾತಾಡುವಾಗ ಮಗು ತನ್ನ ಬಗ್ಗೆ ಒಂದಕ್ಷರವನ್ನೂ ಹೇಳಬೇಕಾಗಿಲ್ಲ, ಆದರೆ ಎಲ್ಲವನ್ನೂ ಹೇಳಬಹುದು. ದತ್ತು ಬಂದ ಹುಡುಗನೊಬ್ಬ ಕರ್ಣನಾಗಿ ಕೃಷ್ಣನಿಗೆ ಕೇಳಿದ: ‘ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆಯಲ್ಲ, ಈಗ ನಿನಗೆ ಕೆಲಸ ಇದೆ ಅಂತ ಹೇಳ್ತಿದ್ದೀಯಾ?’ ಇಷ್ಟು ಚೆಂದದ ಅರ್ಥಗಾರಿಕೆ ನಾನು ಮೇಳಗಳಲ್ಲೂ ಕಡಿಮೆ ಕೇಳಿದ್ದೇನೆ. ಮಹಾಭಾರತ ಪರಿಚಯವಿಲ್ಲದ ಅಥವಾ ಬೇಡವೆನ್ನುವ ಮಕ್ಕಳಿಗೆ ಬೇರೆ ಪಾತ್ರ: ಮನೆ ಬಿಟ್ಟು ಹೋದ ನಾಯಿ, ಬಂದರಿನಲ್ಲಿ ಉಳಿದ ದೋಣಿ, ಯಾವುದಾದರೂ ಆದೀತು.

ಚಿತ್ರ ನೋಡಿ ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಹೇಳುತ್ತೀರಾ?

ಇಲ್ಲ. ಕಪ್ಪು ಬಣ್ಣ ಹೆಚ್ಚು ಬಳಸಿದರೆ ಖಿನ್ನತೆ, ಮನೆಗೆ ಕಿಟಕಿ ಬರೆಯದಿದ್ದರೆ ಭಯ ಎಂದು ಹೇಳುವವರನ್ನು ನಂಬಬೇಡಿ. ಅದು ಗಿಣಿಶಾಸ್ತ್ರ. ಕೆಲವು ಸಲ ಕಪ್ಪು ಬಿಟ್ಟು ಬೇರೆ ಕ್ರೆಯಾನ್ ಮುಗಿದಿರುತ್ತದೆ. ಚಿತ್ರದ ಅರ್ಥ ಹೇಳುವ ಹಕ್ಕು ಬಿಡಿಸಿದವರದ್ದು. ನಾನು ಕೇಳಬಹುದು, ಅಷ್ಟೇ.

ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಹಾಡೋಕೂ ಬರಲ್ಲ. (ಹತ್ತನೇ ತರಗತಿ)

ಒಳ್ಳೆಯದಾಯಿತು. ಚೆನ್ನಾಗಿ ಬಿಡಿಸುವವರು ನನ್ನನ್ನು ಮೆಚ್ಚಿಸಲು ಬಿಡಿಸುತ್ತಾರೆ, ಅವರ ಕೈಯಿಂದ ಸ್ಪರ್ಧೆಯ ಚಟ ಬಿಡಿಸುವುದೇ ಎರಡು ವಾರದ ಕೆಲಸ. ನಿನಗೆ ಬರೆಯುವುದು ಆಗುತ್ತದಾ ನೋಡು. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನೋವಿಜ್ಞಾನಿ 1980ರ ದಶಕದಲ್ಲಿ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಮನಸ್ಸಿಗೆ ಭಾರವಾದದ್ದನ್ನು ವ್ಯಾಕರಣ, ಕಾಗುಣಿತ ನೋಡದೆ ಬರೆಸಿದ. ನೀನೂ ಹಾಗೆ ಬರೆಯಬಹುದು. ಬರೆದದ್ದನ್ನು ನನಗೆ ತೋರಿಸಬೇಕಾಗಿಲ್ಲ. ಹರಿದು ಒಲೆಗೆ ಹಾಕಿದರೂ ಬರೆದದ್ದು ಬರೆದದ್ದೇ.

ಯಾವ ಭಾಷೆಯಲ್ಲಿ ಮಾತಾಡಬೇಕು?

ಬೈಗುಳ ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲಿ. ನನಗೆ ಕನ್ನಡ, ಹವಿಗನ್ನಡ ಬರುತ್ತದೆ, ಕೊಂಕಣಿ ತಿಳಿಯುತ್ತದೆ, ಮಾತಾಡಿದರೆ ಮಕ್ಕಳು ನಗುತ್ತಾರೆ. ನಗಲಿ. ಆ ಹೊತ್ತಿನಲ್ಲಿ ಅವರು ಮಾಸ್ತರು, ನಾನು ದಡ್ಡ ವಿದ್ಯಾರ್ಥಿ. ಶಾಲೆಯಲ್ಲಿ ‘ಶುದ್ಧ ಕನ್ನಡ ಮಾತಾಡು’ ಎಂದು ಬೈಸಿಕೊಂಡು ಬಂದ ಹಾಲಕ್ಕಿ ಸಮುದಾಯದ ಹುಡುಗಿಗೆ ಅವಳ ಮನೆಮಾತನ್ನು ನಾನು ಕೇಳಿ ಬರೆದುಕೊಳ್ಳುವುದೇ ಅರ್ಧ ಕೆಲಸ. ಆ ಮಾತಿನಲ್ಲೇ ಹಾಡುತ್ತ ಬಂದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಪ್ರಶಸ್ತಿ ಬಂದ ಮಾತಿಗೇ ತರಗತಿಯಲ್ಲಿ ನಗು ಬೀಳುವುದು ಯಾಕೆ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ನಾನು ಹೇಳಿದ್ದನ್ನೆಲ್ಲ ಅಪ್ಪ-ಅಮ್ಮನಿಗೆ ಹೇಳ್ತೀರಾ?

ಹೇಳುವುದಿಲ್ಲ. ಆದರೆ ಮೂರು ಸಂದರ್ಭದಲ್ಲಿ ಸುಮ್ಮನಿರಲಾರೆ, ಅದನ್ನು ಮೊದಲ ದಿನವೇ ನಿನಗೆ ಹೇಳಿರುತ್ತೇನೆ. ನಿನ್ನ ಜೀವಕ್ಕೆ ಅಪಾಯವಿದ್ದರೆ, ನಿನ್ನಿಂದ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ, ನಿನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ. ಕೊನೆಯದು 2012ರ ಪೋಕ್ಸೊ ಕಾಯ್ದೆಯ ನಿಯಮ: 18 ವರ್ಷದೊಳಗಿನವರ ವಿಷಯದಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಆಗಲೂ ನಿನಗೆ ಗೊತ್ತಿಲ್ಲದೆ, ನಿನ್ನ ಬೆನ್ನ ಹಿಂದೆ ಯಾವುದೂ ನಡೆಯುವುದಿಲ್ಲ.

ಪಾಲಕರಿಗೆ: ಬಾಗಿಲ ಹೊರಗೆ ನಿಂತು ಕಿವಿ ಕೊಟ್ಟರೆ ನನಗೆ ಗೊತ್ತಾಗುತ್ತದೆ. ಹಂಚಿನ ಮನೆ, ಮರದ ಬಾಗಿಲು, ಒಳಗಿನ ಮಾತು ನಿಮಗೆ ಕೇಳಿಸಿದ ಹಾಗೆ ನಿಮ್ಮ ಚಪ್ಪಲಿಯ ಸದ್ದು ನಮಗೂ ಕೇಳಿಸುತ್ತದೆ.

ಮಗನಿಗೆ ಯಕ್ಷಗಾನದಲ್ಲಿ ಸ್ತ್ರೀವೇಷವೇ ಬೇಕಂತೆ. ಇದು ‘ಅದೇ’ ಇರಬಹುದಾ? ಸರಿ ಮಾಡಿಸಬಹುದಾ?

ಈ ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ, ಆದ್ದರಿಂದ ನಾನು ಜೋರಾಗಿ ಉತ್ತರಿಸುತ್ತೇನೆ. ನಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನದಲ್ಲಿ ಗಂಡಸರು ತಲೆಮಾರುಗಳಿಂದ ಸ್ತ್ರೀವೇಷ ಕಟ್ಟುತ್ತ ಬಂದಿದ್ದಾರೆ. ಹೊಸ್ತೋಟ, ಗುಣವಂತೆ, ಇಡಗುಂಜಿ ಸುತ್ತಿನ ಯಾರನ್ನು ಬೇಕಾದರೂ ಕೇಳಿ. ಸ್ತ್ರೀವೇಷ ಇಷ್ಟವಾದ ಮಾತ್ರಕ್ಕೆ ಹುಡುಗನ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಅವನಿಗೆ ಆ ಲಾಲಿತ್ಯ ಇಷ್ಟವಿರಬಹುದು, ಅಷ್ಟೇ ಇರಬಹುದು.

ಅಷ್ಟೇ ಅಲ್ಲದೆಯೂ ಇರಬಹುದು. ಹುಡುಗನೊಬ್ಬ ತಾನು ಹುಡುಗಿ ಎಂದುಕೊಂಡಿರಬಹುದು, ಅಥವಾ ಹುಡುಗರನ್ನೇ ಇಷ್ಟಪಡಬಹುದು. ಇವೆರಡೂ ಬೇರೆ ಬೇರೆ, ಎರಡೂ ಕಾಯಿಲೆಯಲ್ಲ. ತೃತೀಯ ಲಿಂಗಿಗಳ ಗುರುತನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಮಾನ್ಯ ಮಾಡಿದೆ. ವಯಸ್ಕರ ನಡುವಿನ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರಲ್ಲಿ ಹೇಳಿದೆ. ‘ಸರಿ ಮಾಡುವ’ ಚಿಕಿತ್ಸೆಯನ್ನು ವೈದ್ಯರು ಕೊಟ್ಟರೆ ಅದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಹಾಗಾಗಿ ಸರಿ ಮಾಡಿಸಲು ಎಲ್ಲಿಗೆ ಹೋಗಬೇಕು ಎಂದು ನನ್ನನ್ನು ಕೇಳಬೇಡಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಅರ್ಧ ಬಣ್ಣ ಹಚ್ಚಿಕೊಂಡು ಕೂತವನನ್ನು ‘ನೀನು ರಾಮನಾ, ರಾಮಣ್ಣನಾ?’ ಎಂದು ಯಾರೂ ಅವಸರ ಮಾಡುವುದಿಲ್ಲವಲ್ಲ, ಅಷ್ಟು ತಾಳ್ಮೆ ಮನೆಯಲ್ಲೂ ಇರಲಿ.

ಎಷ್ಟು ವಾರ ಬೇಕು? ಯಾವಾಗ ಬರಬೇಕು?

ವಾರಕ್ಕೊಮ್ಮೆ ಸುಮಾರು ಒಂದು ತಾಸು, ಎಂಟರಿಂದ ಹನ್ನೆರಡು ವಾರ. ಇದು ನನ್ನ ಪದ್ಧತಿ, ಶಾಸ್ತ್ರವಲ್ಲ. ಮೀನುಗಾರರ ಮನೆಯ ಮಕ್ಕಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನ ಒಳ್ಳೆಯ ಸಮಯ, ಅಪ್ಪ ಮನೆಯಲ್ಲಿರುತ್ತಾನೆ, ಅವನನ್ನೂ ಒಮ್ಮೆ ಕರೆಯಬಹುದು. ತೋಟದ ಮನೆಯವರು ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದಾಗ ನಾನೇ ಬಾಗಿಲು ಹಾಕುತ್ತೇನೆ.

ಫಲ ಸಿಕ್ಕಿದ್ದು ಹೇಗೆ ಗೊತ್ತಾಗುತ್ತದೆ?

ಅಂಕಪಟ್ಟಿಯಲ್ಲಿ ಅಲ್ಲ. ಊಟಕ್ಕೆ ಎಲ್ಲರ ಜೊತೆ ಕೂರಲು ಶುರು ಮಾಡುತ್ತಾರೆ. ಜಗಳ ಆಡುತ್ತಾರೆ. ಇದನ್ನು ಪಾಲಕರು ದೂರು ಎಂದು ತರುತ್ತಾರೆ, ‘ಮೊದ್ಲು ಸುಮ್ನಿರ್ತಿದ್ದ, ಈಗ ಎದ್ರು ಮಾತಾಡ್ತಾ’. ನನಗೆ ಅದು ಒಳ್ಳೆಯ ಸುದ್ದಿ.

ಮೊಬೈಲೇ ಎಲ್ಲಕ್ಕೂ ಕಾರಣ ಅಲ್ಲವೇ?

ಕೆಲವಕ್ಕೆ. ಆದರೆ ಊರಲ್ಲಿ ತನ್ನಂಥವರು ಯಾರೂ ಇಲ್ಲ ಎಂದುಕೊಂಡ ಮಗುವಿಗೆ ತನ್ನಂಥ ಇನ್ನೊಬ್ಬರು ಸಿಕ್ಕಿದ್ದೂ ಅದರಲ್ಲೇ ಇರಬಹುದು. ಕಸಿದುಕೊಳ್ಳುವ ಮೊದಲು ಅದರೊಳಗೆ ಯಾರಿದ್ದಾರೆ ಎಂದು ಕೇಳಿ.

ಯಾವಾಗ ಇದು ಸಾಲದು?

ಸಾಯುವ ಮಾತು, ಕೈ ಕೊಯ್ದುಕೊಂಡ ಗುರುತು, ವಾರಗಟ್ಟಲೆ ನಿದ್ದೆ-ಊಟ ಇಲ್ಲದಿರುವುದು, ಯಾರಿಗೂ ಕೇಳದ ದನಿ ಕೇಳಿಸುವುದು, ಇಷ್ಟದ ವಸ್ತುಗಳನ್ನೆಲ್ಲ ಹಂಚಿಬಿಡುವುದು. ಇವು ಕಂಡರೆ ಬಣ್ಣದ ಡಬ್ಬಿ ಮುಚ್ಚಿ ಮನೋವೈದ್ಯರ ಬಳಿ ಹೋಗಬೇಕು. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಬರುವ ದಿನ ಯಾವುದೆಂದು ವಿಚಾರಿಸಿ. ಹಗಲು-ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ದುಡ್ಡಿಲ್ಲ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಮಗು ತಾನೇ ಕರೆ ಮಾಡಬೇಕೆಂದರೆ ಮಕ್ಕಳ ಸಹಾಯವಾಣಿ 1098. ಸಾಯುವ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ನೇರವಾಗಿ ಕೇಳಿ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳನ್ನು ಬೀಗದೊಳಗೆ ಇಡಿ. ಇದನ್ನು ನಾಳೆ ಅಲ್ಲ, ಇವತ್ತೇ.

ದೇವರಿಗೆ ಕೇಳಿಸಿದ್ದೇವೆ, ನೋಡಿಸಿದ್ದೇವೆ. ಅದು ಬಿಟ್ಟು ಬರಬೇಕಾ?

ಬೇಡ. ಹರಕೆ ನಿಮ್ಮದು, ಇರಲಿ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಕೂಡದು.

ಒಳ್ಳೆಯ ಆಪ್ತಸಮಾಲೋಚಕರನ್ನು ಗುರುತಿಸುವುದು ಹೇಗೆ?

ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಅದೇ ಕಷ್ಟ. ಓದಿದ್ದೇನು, ಯಾರ ಕೈಕೆಳಗೆ ಕಲಿತಿರಿ ಎಂದು ಕೇಳಿ, ಸಂಕೋಚ ಬೇಡ. ಚಿಕಿತ್ಸಾ ಮನೋವಿಜ್ಞಾನಿಗಳಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮಾತ್ರೆ ಬರೆಯುವುದು ಮನೋವೈದ್ಯರಂಥ ವೈದ್ಯರು ಮಾತ್ರ. ‘ಮೂರು ಭೇಟಿಯಲ್ಲಿ ಗ್ಯಾರಂಟಿ’ ಎಂದವರಲ್ಲಿಂದ ಎದ್ದು ಬನ್ನಿ. ನಾನು ಈ ಕೆಲಸಕ್ಕೆ ಬರುವ ಮೊದಲು ನನ್ನದೇ ಮನೆಯ ಮಗುವನ್ನು ಒಬ್ಬರ ಬಳಿ ಕರೆದೊಯ್ದಿದ್ದೆ. ಹತ್ತು ನಿಮಿಷದೊಳಗೆ ‘ಶಿಸ್ತಿನ ಕೊರತೆ’ ಎಂದು ಬರೆದು, ಹಾಸ್ಟೆಲ್ಲಿಗೆ ಹಾಕಿ ಅಂದರು. ಹಾಕಿದೆವು. ಆ ಎರಡು ವರ್ಷ ಅವಳಿಗೆ ತಿರುಗಿ ಬರಲಿಲ್ಲ.

ಮೊದಲ ದಿನ ಬರುವಾಗ ಏನು ತರಬೇಕು?

ಏನೂ ಬೇಡ. ಹಣೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಕಳಿಸಬೇಡಿ, ಇದು ಸಂದರ್ಶನವಲ್ಲ. ಹಳೇ ಬಟ್ಟೆ ಇರಲಿ, ಬಣ್ಣ ತಾಗಿದರೆ ಹೋಗುವುದಿಲ್ಲ. ಮಳೆಗಾಲವಾದರೆ ಒಂದು ಟವೆಲ್ಲು.